ಐದನೆಯ ಕಾಲಿನ ಲಾಳ

ಚರ್‌... ಚರ್‌... ಚರ್‌.

ಲಾಯದ ಹಿಂದಿನ ತಗಡಿನ ಷೆಡ್ಡಿನಿಂದ ಆ ಸದ್ದು ಬೆಳಗಿನಿಂದ ಬರುತ್ತಲೇ ಇತ್ತು. ರೇಸಿನ ದಿನ ಅಲ್ಲಿಂದ ಕೇಳಬೇಕಾದದ್ದು ಸುತ್ತಿಗೆಯ ಸದ್ದು; ಮೂರು ಏಟು ಮೊಳೆಗೆ, ಒಂದು ಏಟು ಗಾಳಿಗೆ ಎಂಬಂತೆ, ತಾಳ ಹಾಕಿದ ಹಾಗೆ. ಮೂವತ್ತು ವರ್ಷ ಲಾಯದವರು ಅದನ್ನು ಕೇಳಿಯೇ ಏಳುತ್ತಿದ್ದರು. ಇದು ಅರದ ಸದ್ದು. ಲಾಳದ ಮೇಸ್ತ್ರಿ ಬಾಗಿಲನ್ನು ಅರ್ಧ ಮುಚ್ಚಿಕೊಂಡು, ಯಾವ ಕುದುರೆಯ ಕಾಲನ್ನೂ ಮುಟ್ಟದ ಹೊಸ ಲಾಳವೊಂದನ್ನು ಇಕ್ಕಳದಲ್ಲಿ ಹಿಡಿದು ಸವೆಸುತ್ತಿದ್ದ.

ಕೆಲಸ ಕಲಿಸಿದ್ದು ಅವನ ಸೋದರಮಾವ. "ಕುದುರೆಗೆ ಬಾಯಿಲ್ಲ ಕಣೋ. ಮೊಳೆ ಒಂದು ನೂಲು ಒಳಗೆ ಹೋದ್ರೂ ಹೇಳಲ್ಲ, ಕುಂಟುತ್ತೆ ಅಷ್ಟೆ. ಅದಕ್ಕೇ ನಮ್ಮ ಕೈಯಲ್ಲಿ ಸುಳ್ಳು ಇರಬಾರದು," ಎನ್ನುತ್ತಿದ್ದರು. ಮೇಸ್ತ್ರಿಯ ಬಾಯಿ ಸಣ್ಣಪುಟ್ಟ ಸುಳ್ಳು ಹೇಳಿದ್ದುಂಟು. ಟೀ ಅಂಗಡಿಯಲ್ಲಿ ಹರಟುತ್ತ ಕೂತು, ಮನೆಗೆ ಬಂದು ಕೆಲಸ ಜಾಸ್ತಿಯಿತ್ತು ಎಂದದ್ದುಂಟು. ಕೈ ಮಾತ್ರ ಎಂದೂ ಹೇಳಿರಲಿಲ್ಲ. ಚಪ್ಪಲಿಯ ಸದ್ದಿನಲ್ಲೇ ಗಂಡನ ಸಿಟ್ಟನ್ನು ಅಳೆಯುವ ಹೆಂಗಸರ ಹಾಗೆ ಅವನು ಸವೆದ ಲಾಳ ನೋಡಿ ಕುದುರೆಯ ನಡಿಗೆ ಹೇಳುತ್ತಿದ್ದ.

ಮೈದಾನ ಖಾಲಿಯಾದದ್ದು ಒಂದೇ ದಿನದಲ್ಲಲ್ಲ. ಮೊದಲು ಟಿಕೆಟ್ ಕಿಟಕಿಗಳ ಮುಂದಿನ ನೂಕುನುಗ್ಗಲು ಹೋಯಿತು, ಆಮೇಲೆ ಸಾಲು ಹೋಯಿತು, ಕೊನೆಗೆ ಕಿಟಕಿಗಳೇ ಒಂದೊಂದಾಗಿ ಮುಚ್ಚಿಕೊಂಡವು. ಬಾಜಿ ಕಟ್ಟುವವರೇನೂ ಕಡಿಮೆಯಾಗಿರಲಿಲ್ಲ. ಎಲ್ಲರೂ ಮನೆಯಲ್ಲಿದ್ದರು, ಫೋನು ಹಿಡಿದುಕೊಂಡು. "ಈಗಿನವರು ಹಾಸಿಗೆ ಬಿಟ್ಟು ಏಳದೆ ಕುದುರೆ ಓಡಿಸ್ತಾರೆ," ಎಂದು ಲಾಯದವರು ನಗುತ್ತಿದ್ದರು. ಗ್ಯಾಲರಿಯಲ್ಲಿ ಜನರಿಗಿಂತ ಪಾರಿವಾಳ ಹೆಚ್ಚಾದಾಗ ಆ ನಗುವೂ ನಿಂತಿತು.

ಜನರನ್ನು ಮತ್ತೆ ಕರೆತರಲೆಂದೇ ಆಫೀಸಿನವರು ಒಬ್ಬ ಮೇಡಂ ಅವರನ್ನು ನೇಮಿಸಿದರು. ಕೆಟ್ಟವರಲ್ಲ. ಮಕ್ಕಳಿಗೆ ಜಾರುಬಂಡೆ ಹಾಕಿಸಿದರು, ಬ್ಯಾಂಡ್ ಕರೆಸಿದರು, ಟೋಪಿ ಸ್ಪರ್ಧೆ ಇಟ್ಟರು. ಒಮ್ಮೆ ಬಂದವರು ಮತ್ತೆ ಬರಲಿಲ್ಲ. ಒಂದು ದಿನ ಅವರು ಷೆಡ್ಡಿಗೆ ಬಂದು, ಮೂಲೆಯಲ್ಲಿದ್ದ ಹಳೆಯ ಲಾಳಗಳ ರಾಶಿಯ ಮುಂದೆ ನಿಂತುಬಿಟ್ಟರು.

"ಇವನ್ನೆಲ್ಲ ಏನ್ ಮಾಡ್ತೀರಿ?"

"ಗುಜರಿಗೆ ಹಾಕ್ತೀವಿ, ಮೇಡಂ."

"ಮೇಸ್ತ್ರಿ, ಫೋನಲ್ಲಿ ಸಿಗದೇ ಇರೋದು ಇದೊಂದೇ."

ಅಲ್ಲಿಂದ ಶುರುವಾಯಿತು. ಗೆದ್ದ ಕುದುರೆಯ ಕಾಲಿನಿಂದ ಆಗಷ್ಟೇ ಬಿಚ್ಚಿದ ಲಾಳ, ಅದೃಷ್ಟಕ್ಕೆ ಬಾಗಿಲ ಮೇಲೆ ಹೊಡೆದುಕೊಳ್ಳಲು. ಮೈದಾನಕ್ಕೆ ಬಂದವರಿಗೆ ಮಾತ್ರ. ಮೊದಲ ಭಾನುವಾರ ಆರು ರೇಸು, ಇಪ್ಪತ್ತನಾಲ್ಕು ಲಾಳ. ಅರ್ಧ ಗಂಟೆಯಲ್ಲಿ ಮುಗಿದವು. ಎರಡನೆಯ ಭಾನುವಾರ ಗೇಟಿನ ಹೊರಗೆ ಸಾಲು ನಿಂತಿತು, ಎಷ್ಟೋ ಜನ ಬರಿಗೈಯಲ್ಲಿ ಹೋದರು. ಮರುದಿನವೇ ಮೇಡಂ ಬಂದರು.

"ಇನ್ನೂರು ಬೇಕು, ಮೇಸ್ತ್ರಿ."

"ಗೆದ್ದ ಕುದುರೆಗೂ ನಾಲ್ಕೇ ಕಾಲು, ಮೇಡಂ."

"ಅದು ನಿಮಗೆ ಗೊತ್ತು, ನನಗೆ ಗೊತ್ತು." ಅವರ ದನಿ ಇಳಿಯಿತು. "ಜನ ಬರದಿದ್ರೆ ಬರೋ ವರ್ಷ ಈ ಜಾಗ ಇರಲ್ಲ. ಲಾಯದಲ್ಲಿ ಎಷ್ಟು ಮನೆ ಒಲೆ ಉರೀತಿದೆ, ನೀವೇ ಯೋಚನೆ ಮಾಡಿ."

ಯೋಚನೆ ಮಾಡಿದರೆ ಒಪ್ಪಲಾರೆನೆಂದು ತಿಳಿದೇ ಅವನು ಯೋಚನೆ ಮಾಡದೆ ಒಪ್ಪಿಕೊಂಡ. ಗೋದಾಮಿನಲ್ಲಿ ಹೊಸ ಲಾಳಗಳ ಪೆಟ್ಟಿಗೆಗಳು ಬಿದ್ದಿದ್ದವು. ಹಲಗೆಗೆ ಹೊಡೆದು ಕಿತ್ತ, ಮೊಳೆಯ ತೂತು ಅಗಲವಾಗಲೆಂದು. ಅರದಿಂದ ಸವೆಸಿದ, ಮರಳಿನಲ್ಲಿ ಉಜ್ಜಿದ, ಲಾಯದ ಕೆಸರಿನಲ್ಲಿ ಹೂತಿಟ್ಟ. ಮನೆಯಲ್ಲಿ ಹೆಂಡತಿ, "ಊರವರ ಬಾಗಿಲಿಗೆಲ್ಲ ಕೊಡ್ತೀರಿ, ನಮ್ಮ ಬಾಗಿಲಿಗೂ ಒಂದು ತನ್ನಿ," ಎಂದಳು. "ತರೋಣ," ಎಂದ. ನಾಲ್ಕನೆಯ ಭಾನುವಾರ ಕಳೆದರೂ ತರಲಿಲ್ಲ. ಕೈ ತೊಳೆದುಕೊಳ್ಳುವುದು ಮಾತ್ರ ಜಾಸ್ತಿಯಾಗಿತ್ತು.

ಐದನೆಯ ಭಾನುವಾರ ಅವನನ್ನು ಗ್ಯಾಲರಿಯ ಮುಂದೆಯೇ ನಿಲ್ಲಿಸಿದರು. ಚರ್ಮದ ಏಪ್ರನ್, ಪಕ್ಕದಲ್ಲಿ ಲಾಳ ಬಡಿಯುವ ಅಡೆಗಲ್ಲು, ಮೇಜಿನ ಮೇಲೆ ಲಾಳಗಳ ಸಾಲು. ಕೊಂಡವರ ಹೆಸರನ್ನು ಅಚ್ಚಿನಿಂದ ಲಾಳದ ಮೇಲೆ ಮೂಡಿಸಿಕೊಡುವುದು ಅವನ ಕೆಲಸ. ತಲೆ ಎತ್ತದೆ ಹೊಡೆಯುತ್ತಿದ್ದ.

"ನೋಡ್ಕೊಂಡು ಹೊಡಿಯಪ್ಪಾ," ಎಂದಳು ಒಬ್ಬ ಅಜ್ಜಿ. "ಒಂದಕ್ಷರ ತಪ್ಪಿದ್ರೆ ಅದೃಷ್ಟ ಪಕ್ಕದ್ಮನೆಗೆ ಹೋಗುತ್ತೆ. ಮೊದಲೇ ಅವರಿಗೆ ಕೊಬ್ಬು."

ಸಾಲು ನಕ್ಕಿತು. ಅದರ ಹಿಂದೆಯೇ ಇನ್ನೊಂದು ದನಿ, "ನನ್ನ ಹೆಸರೇನೂ ಬೇಡ ತಮ್ಮಾ, ಹಾಗೇ ಕೊಡು," ಎಂದಿತು.

ಬಕೆಟ್ಟಣ್ಣ. ಕುದುರೆ ತೊಳೆಯುವುದರಲ್ಲೇ ಆಯುಷ್ಯ ಕಳೆದವನು. ಬಕೆಟ್ ಇಲ್ಲದೆ ಅವನನ್ನು ಲಾಯದಲ್ಲಿ ಕಂಡವರಿಲ್ಲ. ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಇವತ್ತು ಇಸ್ತ್ರಿ ಮಾಡಿದ ಶರ್ಟು, ಎರಡೂ ಕೈ ಖಾಲಿ.

"ಅಣ್ಣಾ, ನೀನ್ಯಾಕೆ ಸಾಲಲ್ಲಿ ನಿಂತೆ? ಹಿಂದಿನಿಂದ ಬರೋದಲ್ವಾ?"

"ಹಿಂದಿನ ಬಾಗಿಲಲ್ಲೇ ಬಂದೂ ಬಂದೂ ಸಾಕಾಯ್ತು. ಒಂದ್ಸಲ ಟಿಕೆಟ್ ತಗೊಂಡು ಮುಂದಿನಿಂದ ಬರೋಣ ಅಂತ. ಮೊಮ್ಮಗಳು ಫೋನಲ್ಲಿ ಇವತ್ತಿನ ಜಾಹೀರಾತಲ್ಲಿ ನಿನ್ನ ತೋರಿಸಿದ್ಲು. ಏಪ್ರನ್ ಹಾಕ್ಕೊಂಡು ಮದುಮಗನ ಹಾಗೆ ನಿಂತಿದ್ದೆ."

ಮಾತಾಡುತ್ತಲೇ ಅವನು ಒಂದು ಲಾಳ ಎತ್ತಿಕೊಂಡು ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದ. ತುದಿಯ ಹೊರಮಗ್ಗುಲಿನಲ್ಲಿ ಬೆರಳು ನಿಂತಿತು. ಹಿಂದೆ ಬಂದು ಮತ್ತೆ ಅಲ್ಲೇ ನಿಂತಿತು.

"ಇದು ಸೋಂಬೇರಿದು," ಎಂದ ಬಕೆಟ್ಟಣ್ಣ.

ಸೋಂಬೇರಿ ಅವನು ನಾಲ್ಕು ವರ್ಷ ಸಾಕಿದ ಕಂದು ಹೆಣ್ಣುಕುದುರೆ. ನಿದ್ದೆಗಣ್ಣಿನವರು ಚಪ್ಪಲಿ ಎಳೆಯುವ ಹಾಗೆ ಬಲ ಹಿಂಗಾಲನ್ನು ಎಳೆಯುತ್ತಿದ್ದಳು. ಮೂವತ್ತೊಂದು ರೇಸು ಓಡಿ ಒಂದನ್ನೂ ಗೆಲ್ಲಲಿಲ್ಲ. ಬಕೆಟ್ಟಣ್ಣ ರಜೆಯಲ್ಲಿದ್ದ ದಿನ ಅವಳನ್ನು ಲಾರಿ ಹತ್ತಿಸಿ ಎಲ್ಲಿಗೋ ಕಳಿಸಿದರು. ಬಾಲದ ಒಂದು ಕೂದಲೂ ಅವನಿಗೆ ಉಳಿದಿರಲಿಲ್ಲ. ಮೇಸ್ತ್ರಿ ಆ ಕಾಲನ್ನು ಅದೆಷ್ಟು ಸಲ ತೊಡೆಯ ಮೇಲಿಟ್ಟುಕೊಂಡು, ಸವೆತ ತಿದ್ದಲು ನೋಡಿ ಸೋತಿದ್ದನೋ.

ಮೇಸ್ತ್ರಿ ಮೇಜಿನ ಕಡೆ ನೋಡಿದ. ಮೊದಲ ಸಲ ನಿಜವಾಗಿ ನೋಡಿದ. ಒಂದಲ್ಲ, ಸಾಲಿನಲ್ಲಿದ್ದ ಅಷ್ಟೂ ಲಾಳಗಳಲ್ಲಿ ಅದೇ ಸವೆತ. ಮನಸ್ಸು ನಾಚಿ ಬೇರೆ ಕಡೆ ಮುಖ ಮಾಡಿದ್ದಾಗ, ಕೈ ತನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಕಾಲನ್ನು ಮತ್ತೆ ಮತ್ತೆ ಮಾಡಿಟ್ಟಿತ್ತು. ಊರಿನ ನೂರಾರು ಬಾಗಿಲುಗಳ ಮೇಲೆ, ಗೆದ್ದ ಕುದುರೆಯ ಹೆಸರಿನಲ್ಲಿ, ಎಂದೂ ಗೆಲ್ಲದವಳ ಹೆಜ್ಜೆ. ಅದೂ ಅವಳು ಇಡದೇ ಇದ್ದ ಹೆಜ್ಜೆ. ಕಿವಿಯ ತುದಿಯವರೆಗೂ ಬಿಸಿಯೇರಿತು.

"ಇಷ್ಟು ವರ್ಷ ಇಟ್ಕೊಂಡಿದ್ದೆಯಲ್ಲೋ," ಬಕೆಟ್ಟಣ್ಣನ ಕಣ್ಣು ತುಂಬಿತ್ತು. "ಯಾರಿಗೂ ಹೇಳದೆ ಅವಳನ್ನ ಗೆದ್ದವರ ಜೊತೆ ಕೂರಿಸಿಬಿಟ್ಟೆ."

"ಅಣ್ಣಾ, ಅದು ಅವಳದಲ್ಲ. ಹೊಸದು. ನಾನೇ ಸವೆಸಿದ್ದು."

ಬಕೆಟ್ಟಣ್ಣ ಅವನ ಬೆನ್ನು ತಟ್ಟಿದ. "ಹೊಡೆದವನು ನೀನು, ಸವೆಸಿದವಳು ಅವಳು. ನನ್ನ ಬೆರಳಿಗೇ ಸುಳ್ಳು ಹೇಳ್ತೀಯಾ? ಎಲ್ಲಿ ಅಳ್ತೀನೋ ಅಂತ ಹೆದರಬೇಡ. ಉಳಿದ ಮೂರು ಇದಾವಾ?"

ಇಷ್ಟರಲ್ಲಿ ಮೇಡಂ ಫೋನು ಎತ್ತಿ ಹಿಡಿದು ಬಂದಿದ್ದರು. ಸಾಲಿನಲ್ಲಿದ್ದವರೂ ಸುತ್ತ ನೆರೆದರು.

"ತುಂಬ ಚೆನ್ನಾಗಿದೆ, ಇದನ್ನ ಎಲ್ಲರೂ ನೋಡಬೇಕು," ಎಂದರು ಮೇಡಂ. "ಮನೇಲಿ ಕೂತಿರೋರೆಲ್ಲ ಎದ್ದು ಬರ್ತಾರೆ. ಹೇಳಿ ಮೇಸ್ತ್ರಿ, ಈ ಲಾಳ ಯಾವ ಕುದುರೆಯದು?"

ಮೇಸ್ತ್ರಿ ಬಾಯಿ ತೆರೆದ. ಫೋನಿನ ಪಕ್ಕದಲ್ಲಿ ಬಕೆಟ್ಟಣ್ಣನ ಮುಖ ಕಂಡಿತು. ಲಾಳವನ್ನು ಎರಡೂ ಅಂಗೈಯಲ್ಲಿ, ನೀರು ತುಂಬಿದ ಬೊಗಸೆಯಂತೆ ಹಿಡಿದಿದ್ದ.

"ಹೇಳೋ ತಮ್ಮಾ, ಹೆಸರು ಹೇಳು. ಅವಳ ಹೆಸರು ಯಾರೂ ಕೇಳಿಲ್ಲ ಇಲ್ಲಿವರೆಗೂ."

"ಇದು..." ಎಂದ ಮೇಸ್ತ್ರಿ.

ಏಪ್ರನ್ನಿನ ಗಂಟು ಬಿಚ್ಚಿದ. ಅದನ್ನು ಮೇಜಿನ ಮೇಲೆ, ಲಾಳಗಳನ್ನೆಲ್ಲ ಮುಚ್ಚುವ ಹಾಗೆ ಹಾಸಿ ನಡೆಯತೊಡಗಿದ. ಲಾಯ ದಾಟಿದ, ತನ್ನ ಷೆಡ್ಡನ್ನೂ ತಿರುಗಿ ನೋಡದೆ ದಾಟಿ ಹಿಂದಿನ ಗೇಟಿನ ಕಡೆ ಹೊರಟ.

"ಮೇಸ್ತ್ರಿ, ಒಂದೇ ನಿಮಿಷ... ಎಲ್ಲಿಗೆ ಹೋದ್ರು ಇವರು?"

"ಬರ್ತಾನೆ ಬಿಡಿಯಮ್ಮಾ," ಎಂದು ಬಕೆಟ್ಟಣ್ಣ ಸಮಾಧಾನ ಹೇಳುತ್ತಿದ್ದುದು ಅವನಿಗೆ ಅಷ್ಟು ದೂರಕ್ಕೂ ಕೇಳಿಸಿತು. "ಉಳಿದ ಮೂರು ತರೋಕೆ ಹೋದ."