ಕ್ಲೈವ್ ಹಚ್ಚಿದ ಮೇಣ

ಲಾನ್ಸೆಸ್ಟನ್ ಊರಿನ ಕ್ಲೈವ್ ಪರ್ಟನ್ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೇಳು ವರ್ಷ ದುಡಿದದ್ದು ಗೋಡೆಗಳು ಉಸಿರಾಡುತ್ತವೋ ಇಲ್ಲವೋ ಎಂದು ನೋಡಲು. ಮನುಷ್ಯರ ಉಸಿರಿನ ಬಗ್ಗೆ ಅವನಿಗೆ ಅಂಥ ಅಕ್ಕರೆಯೇನೂ ಇರಲಿಲ್ಲ. ತೂಕ ಮಾಡುವಾಗ ಪಕ್ಕದವರು ಜೋರಾಗಿ ಉಸಿರುಬಿಟ್ಟರೂ ದುರುಗುಟ್ಟಿ ನೋಡುತ್ತಿದ್ದ. ಗಾಜಿನ ಬೋಗುಣಿಗೆ ನೀರು ಹಾಕಿ, ಗೋಡೆಯೊಳಗೆ ಹೊದಿಸುವ ಹಾಳೆಯನ್ನು ಅದರ ಮೇಲೆ ಮುಚ್ಚಿ, ಅಂಚಿಗೆ ಕರಗಿದ ಮೇಣ ಹಚ್ಚಿ, ಒಣ ಕೋಣೆಯಲ್ಲಿಟ್ಟು ದಿನವೂ ಹತ್ತು ಗಂಟೆಗೆ ತೂಗುವುದು ಅವನ ಕೆಲಸ. ಎಷ್ಟು ತೂಕ ಇಳಿಯಿತೋ ಅಷ್ಟು ಆವಿ ಹಾಳೆಯನ್ನು ದಾಟಿತು ಎಂದರ್ಥ; ದಾಟದಿದ್ದರೆ ತೇವ ಗೋಡೆಯೊಳಗೇ ನಿಂತು ಬೂಷ್ಟು ಹಿಡಿಯುತ್ತದೆ. ತನ್ನ ಮೇಣದಲ್ಲಿ ಕೂದಲೆಳೆಯಷ್ಟು ಸಂದೂ ಇರುವುದಿಲ್ಲವೆಂದು ಪಬ್ಬಿನಲ್ಲಿ ಕೇಳದವರಿಗೂ ಹೇಳುತ್ತಿದ್ದ.

ಒಮ್ಮೆ ಹೊಸ ಹಾಳೆಯೊಂದು ಬಂತು. ತೂಕ ಭರ್ಜರಿಯಾಗಿ ಇಳಿಯಿತು. ಹಾಳೆಯ ಕಂಪನಿಯವರು ಕುಣಿದಾಡಿದರು, ಮೇಲಧಿಕಾರಿ ಟ್ರೆಂಟ್ ಕೇಕ್ ತರಿಸಿದ. ಕ್ಲೈವ್ ತಂಗಿ ಬೆರಿಲ್‌ಗೆ ಫೋನ್ ಮಾಡಿ, "ನಿನ್ ಹೊಸ ಮನೆಗೆ ಕಣ್ಮುಚ್ಕೊಂಡು ಇದನ್ನೇ ಹಾಕಿಸು" ಎಂದ. ಹಳೆ ಮನೆಯ ಗೋಡೆಗೆ ಹಿಡಿದ ಬೂಷ್ಟಿನಿಂದ ಮೂರು ಚಳಿಗಾಲ ಕೆಮ್ಮಿದ್ದ ಬೆರಿಲ್ ಕಣ್ಣುಮುಚ್ಚಿಯೇ ಹಾಕಿಸಿದಳು.

ಎರಡು ತಿಂಗಳ ಮೇಲೆ ಬೋಗುಣಿಗಳನ್ನು ತೊಳೆಯಲು ತೆಗೆದಾಗ ಮೇಣದಲ್ಲಿ ಬಿರುಕು ಕಂಡಿತು. ಆರಕ್ಕೆ ಆರೂ ಬೋಗುಣಿಗಳಲ್ಲಿ. ಹೊಸ ಹಾಳೆಯನ್ನು ಬೋಗುಣಿಗಳಿಗೆ ಮುಚ್ಚಿದ ಶನಿವಾರ, ಫುಟ್ಬಾಲ್ ಪಂದ್ಯ ತಪ್ಪೀತೆಂದು ಮೇಣ ಸರಿಯಾಗಿ ಕರಗುವ ಮೊದಲೇ ಹಚ್ಚಿ ಓಡಿದ ಮಹಾನುಭಾವ ಇವನೇ. ಆವಿ ಹೋದದ್ದು ಹಾಳೆಯಿಂದಲ್ಲ, ಬಿರುಕಿನಿಂದ. ಹೊಸದಾಗಿ ಮೇಣ ಹಚ್ಚಿ ಮತ್ತೆ ಅಳೆದ. ಹಾಳೆಗೂ ಪ್ಲಾಸ್ಟಿಕ್ ಚೀಲಕ್ಕೂ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ.

"ಯಾರಿಗ್ ಗೊತ್ತಾಗುತ್ತೆ ಬಿಡು ಮಾರಾಯ," ಎಂದ ಟ್ರೆಂಟ್. "ಕೇಕೂ ತಿಂದಾಯ್ತು."

"ನನ್ ತಂಗಿಗೆ ಗೊತ್ತಾಗುತ್ತೆ. ಮೊದಲ ಚಳಿಗಾಲಕ್ಕೇ."

ತಪ್ಪು ತನ್ನದೆಂದು ಬರೆದು ಸಹಿ ಹಾಕುವಾಗ ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಪ್ರಯೋಗಾಲಯದ ನೆಲ ಮಾತ್ರ ಕಾಂಕ್ರೀಟಿನದು, ಬಾಯಿಬಿಡಲಿಲ್ಲ.

ಮುಂದಿನ ಶನಿವಾರ ಪಂದ್ಯ ಶುರುವಾಗುವ ಹೊತ್ತಿಗೆ ಅವನು ಬೆರಿಲ್‌ಳ ಮಲಗುವ ಕೋಣೆಯಲ್ಲಿದ್ದ. ಆಗಷ್ಟೇ ಹಳದಿ ಬಣ್ಣ ಕಂಡ ಗೋಡೆಯಿಂದ ಹಲಗೆಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಒಳಗಿನ ಮರ ಆಗಲೇ ಕೈಗೆ ತಣ್ಣಗೆ, ಒದ್ದೆಯಾಗಿ ಹತ್ತುತ್ತಿತ್ತು. ಬೆರಿಲ್ ಚಹಾದ ಮಗ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಿನ್ ಬೋಗುಣಿ ಮಾತು ನಂಬಿ ಹಾಕಿಸ್ದೆ ಕಣೋ, ಕ್ಲೈವ್."

"ಬೋಗುಣಿದೇನೂ ತಪ್ಪಿಲ್ಲ ಕಣೇ. ಮೇಣ ಹಚ್ಚಿದೋನು ನಾನು."

ಬೆರಿಲ್ ಏನೋ ಅನ್ನಲು ಹೋಗಿ ಕೆಮ್ಮಿದಳು. ಕ್ಲೈವ್ ತಿರುಗಿ ನೋಡಲಿಲ್ಲ. ಇನ್ನೊಂದು ಹಲಗೆ ಕಿತ್ತ.