ಏಳನೇ ಗಾಡಿಯ ತಂಪು

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕ್ಯಾರವಾನ್‌ಗಳನ್ನು ಬಾಡಿಗೆಗೆ ಕೊಡುವ ಆ ಅಂಗಳದಲ್ಲಿ ಎಲ್ಲರಿಗೂ ಅವನು ಗ್ಯಾಸಣ್ಣ. ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಊರೂರು ತಿರುಗುವ ಹನ್ನೆರಡು ಗಾಡಿಗಳು ಅಲ್ಲಿದ್ದವು. ಒಂದೊಂದರ ನೆತ್ತಿಯ ಮೇಲೂ ಒಂದೊಂದು ಏಸಿ. ಯಾವುದರಲ್ಲಿ ತಂಪು ಕಡಿಮೆಯಾದರೂ ಗ್ಯಾಸಣ್ಣ ಏಣಿ ಹತ್ತಿ, ಮೀಟರು ಸಿಕ್ಕಿಸಿ, ಗ್ಯಾಸ್ ಹಾಕಬೇಕು ಎನ್ನುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಆ ಮಾತಿಗೆ ಎದುರಾಡಿದವರಿಲ್ಲ.

ಷಡ್ಡಕನನ್ನು ಅಲ್ಲಿಗೆ ಸೇರಿಸಿದವನೂ ಅವನೇ. ಹೆಂಡತಿಯ ತಂಗಿಯ ಗಂಡ, ಕಸುಬಿನಲ್ಲಿ ಟೈಲರ್. ಹೊಲಿಸಿಕೊಳ್ಳುವವರೇ ಇಲ್ಲದೆ ಅವನ ಅಂಗಡಿ ಮುಚ್ಚಿದಾಗ, ಗಾಡಿಗಳಿಗೆ ಪರದೆ, ಸೀಟಿನ ಕವರು ಹೊಲಿಯಲು ಒಬ್ಬರು ಬೇಕಲ್ಲವೇ ಎಂದು ಗ್ಯಾಸಣ್ಣ ಒಡತಿಯ ಕಿವಿಗೆ ಹಾಕಿದ್ದ. ಒಂದು ವರ್ಷ ಆ ಉಪಕಾರದ ಹೆಮ್ಮೆಯಲ್ಲೇ ಎದೆಯುಬ್ಬಿಸಿಕೊಂಡು ಓಡಾಡಿದ.

ಇಬ್ಬರ ನಡುವೆ ಕೆಟ್ಟಿದ್ದು ಆ ಬೇಸಿಗೆಯಲ್ಲಿ. ಗಾಡಿಯ ಬಾಗಿಲ ಹಿಡಿ ಮುಟ್ಟಬೇಕಾದರೂ ಕೈಗೆ ಬಟ್ಟೆ ಸುತ್ತಿಕೊಳ್ಳಬೇಕು, ಅಂಥ ಬಿಸಿಲು. ಹೋದ ಗಿರಾಕಿಗಳೆಲ್ಲ ಏಸಿಯನ್ನು ಬೈದುಕೊಂಡೇ ವಾಪಸಾದರು. ಏಳನೇ ಗಾಡಿಯವರು ಮಾತ್ರ ಹೊದಿಕೆ ಸಾಲಲಿಲ್ಲ ಎಂದು ದೂರಿದರು. ಆ ಒಂದು ಗಾಡಿಯ ಒಳಗಿನ ಉಸ್ತುವಾರಿ ಟೈಲರ್‌ನದು.

ಒಡತಿ ಟೈಲರ್‌ನನ್ನೇ ಕರೆದು ಕೇಳಿದಳು. ಪಕ್ಕದ ಗಾಡಿಯ ಏಣಿಯ ಮೇಲಿದ್ದ ಗ್ಯಾಸಣ್ಣನಿಗೆ ಎಲ್ಲವೂ ಕೇಳಿಸಿತು. ಬೆಳ್ಳಿ ಬಣ್ಣದ ಹಾಳೆಯನ್ನು ದಪ್ಪ ಬಟ್ಟೆಗೆ ಸೇರಿಸಿ ಹೊಲಿದು ಕಿಟಕಿಗಳಿಗೆಲ್ಲ ಕಟ್ಟಿದ್ದನಂತೆ. ಮಧ್ಯಾಹ್ನದ ಬಿಸಿಲು ದೊಡ್ಡ ಕಿಟಕಿಗೆ ಬೀಳದ ಹಾಗೆ ಗಾಡಿ ನಿಲ್ಲಿಸಿ, ಗಾಡಿ ಕಾದ ಮೇಲಲ್ಲ, ಬೆಳಗ್ಗೆಯೇ ಏಸಿ ಹಾಕಿ ಎಂದು ಗಿರಾಕಿಗಳಿಗೆ ಹೇಳಿ ಕಳಿಸುತ್ತಿದ್ದನಂತೆ. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯುತ್ತಿದ್ದನಂತೆ. ಅಷ್ಟೇ ಅಲ್ಲ, ಏಸಿ ಗಾಳಿ ಇಳಿಯುವ ಚಾವಣಿಯ ಜಾಲರಿ ಬಿಚ್ಚಿ ಒಂದೆಳೆ ನೂಲು ಹಿಡಿದು ನೋಡಿದಾಗ ಅದು ಕೆಳಕ್ಕೆ ಬೀಸದೆ ಅಡ್ಡಡ್ಡ ಹಾರಾಡಿತಂತೆ. ತಣ್ಣನೆ ಗಾಳಿ ಕೋಣೆಗಿಳಿಯುವ ಮೊದಲೇ ಚಾವಣಿಯೊಳಗಿನ ಸಂದಿಯಲ್ಲಿ ಸೋರಿ ಹೋಗುತ್ತಿತ್ತಂತೆ. ಆ ಸಂದಿಗೆ ಬೆಳ್ಳಿ ಟೇಪು ಅಂಟಿಸಿದನಂತೆ.

ಒಡತಿ ಮೆಚ್ಚಿ ನಕ್ಕಳು. ಉಳಿದ ಹನ್ನೊಂದನ್ನೂ ನೀವೇ ನೋಡಿ ಎಂದಳು. ಗ್ಯಾಸಣ್ಣನ ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಯಿತು. ಮನೆಗೆ ಬಂದರೆ ಹೆಂಡತಿಯ ಬಾಯಲ್ಲೂ ಅದೇ ಸುದ್ದಿ. ತಂಗಿ ಫೋನ್ ಮಾಡಿ ಹೇಳಿದಳಂತೆ. ಅವನಿಗೆ ಊಟ ಸಪ್ಪೆ ಎನಿಸಿತು, ಫ್ಯಾನು ನಿಧಾನ ಎನಿಸಿತು, ನಾದಿನಿಗೆ ಬೇರೆ ಕೆಲಸವಿಲ್ಲ ಎನಿಸಿತು.

ಶನಿವಾರ ಟೈಲರ್ ಊಟಕ್ಕೆ ಹೋದಾಗ ಅವನು ಏಳನೇ ಗಾಡಿ ಹತ್ತಿದ. ಹೊರಗಿನ ಉರಿಯಿಂದ ಒಳಗೆ ಕಾಲಿಟ್ಟರೆ ಬಾವಿಗಿಳಿದ ಹಾಗಿತ್ತು. ಅದು ತಂಪಾಗಿಲ್ಲದಿದ್ದರೆ ಷಡ್ಡಕನನ್ನು ಅಲ್ಲೇ ಕ್ಷಮಿಸಿಬಿಡುತ್ತಿದ್ದ. ಜಾಲರಿ ಬಿಚ್ಚಿದ, ಟೇಪನ್ನು ಪರಪರ ಕಿತ್ತ, ಉಂಡೆ ಮಾಡಿ ಜೇಬಿಗಿಳಿಸಿದ, ಜಾಲರಿ ಹಾಕಿ ಇಳಿದ.

ಮರುದಿನ ತಿಂಡಿ ತಿನ್ನುವಾಗ ಹೆಂಡತಿ ಒಂದು ಮಾತು ಹೇಳಿದಳು. ಸೊಂಟದ ಆಪರೇಶನ್ ಆಗಿದ್ದ ಅವಳ ಅಮ್ಮನನ್ನು ಆಸ್ಪತ್ರೆಯಿಂದ ಕರೆತರುವ ದಿನ ಅದು. ಐದು ಗಂಟೆಯ ದಾರಿ, ಮಲಗಿಸಿಕೊಂಡೇ ತರಬೇಕು. ಒಡತಿ ಏಳನೇ ಗಾಡಿ ಕೊಟ್ಟಿದ್ದಳು. ಹಿಂದಿನ ರಾತ್ರಿಯೇ ಅದನ್ನು ತೆಗೆದುಕೊಂಡು ಹೋಗಿದ್ದ ತಂಗಿ, ತಂಗಿಯ ಗಂಡ ಆಗಲೇ ಅಮ್ಮನನ್ನು ಮಲಗಿಸಿಕೊಂಡು ಅಲ್ಲಿಂದ ಹೊರಟಾಗಿತ್ತು.

ತಟ್ಟೆ ಅಲ್ಲೇ ಬಿಟ್ಟು ಎದ್ದ. ಅತ್ತೆ ಅವನನ್ನು ಅಳಿಯನಿಗಿಂತ ಹೆಚ್ಚಾಗಿ ಕಂಡವಳು. ಹಿತ್ತಲಿಗೆ ಹೋಗಿ ಷಡ್ಡಕನಿಗೆ ಫೋನ್ ಹಚ್ಚಿದ.

"ಗಾಡಿ ನಿಲ್ಸು," ಎಂದ. "ಚಾವಣೀದು ಟೇಪ್ ಕಿತ್ತಿದ್ದು ನಾನು ಕಣೋ."

ಇಂಜಿನ್ ಸದ್ದಿನ ನಡುವೆ ಟೈಲರ್‌ನ ದನಿ ಕೇಳಿತು.

"ಹೊರಡೋ ಮುಂಚೆ ನೋಡ್ದೆ ಭಾವ. ಇಲಿ ಕಿತ್ತಿರ್ಬೇಕು ಅಂದ್ಕೊಂಡು ಬೇರೆ ಅಂಟಿಸ್ದೆ. ಅತ್ತೆ ಆರಾಮಾಗಿ ಮಲಗಿದಾರೆ."

ತಾನು ಫೋನ್ ಮಾಡದೆ ಸುಮ್ಮನಿದ್ದಿದ್ದರೆ ತಪ್ಪೆಲ್ಲ ಇಲಿಯ ತಲೆಯ ಮೇಲೇ ಬೀಳುತ್ತಿತ್ತು.

"ಯಾರಿಗೂ ಹೇಳಲ್ಲ ಬಿಡಿ," ಎಂದು ಟೈಲರ್ ಫೋನಿಟ್ಟ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಒಳ್ಳೆಯತನದಲ್ಲೂ ಇವನೇ ಮುಂದೆ ಎಂದು ಗ್ಯಾಸಣ್ಣನ ಹೊಟ್ಟೆ ಇನ್ನಷ್ಟು ಉರಿಯಿತು.

ಸೋಮವಾರ ಟೈಲರ್ ತಾನಾಗಿ ಬಂದು, ನೆತ್ತಿಯ ಮೇಲಿನ ಕೆಲಸ ನನಗೆ ಬರುವುದಿಲ್ಲ, ಮೂರನೇ ಗಾಡಿಗೆ ನೀವು ಕೈ ಹಾಕಿ ಎಂದ. ಗ್ಯಾಸಣ್ಣ ಮುಖ ಊದಿಸಿಕೊಂಡೇ ಮೇಲೆ ಹತ್ತಿದ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಬಿಸಿ ಹೊರಹಾಕುವ ತಗಡಿನ ಹಲ್ಲುಗಳೆಲ್ಲ ಬಾಗಿ, ನಡುವೆ ಕಂಬಳಿಯಂತೆ ಧೂಳು ಕೂತಿತ್ತು. ಎರಡು ವರ್ಷದಿಂದ ಅದಕ್ಕೆ ಅವನು ಗ್ಯಾಸನ್ನೇ ಹಾಕುತ್ತ ಬಂದಿದ್ದ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಧೂಳು ತೊಳೆದು, ಒಂದೊಂದೇ ಹಲ್ಲನ್ನು ಬಾಚಣಿಗೆಯಿಂದ ನೆಟ್ಟಗೆ ಮಾಡಿದ. ಅಷ್ಟರಲ್ಲಿ ಕೆಳಗೆ ಟೈಲರ್ ಕಿಟಕಿಗಳ ಅಳತೆ ತೆಗೆದುಕೊಂಡಿದ್ದ. ತಿಂಗಳೊಳಗೆ ಹನ್ನೊಂದೂ ಗಾಡಿ ಮುಗಿದವು. ದೂರುಗಳು ನಿಂತವು. ಒಡತಿ ಇಬ್ಬರನ್ನೂ ಹೊಗಳಿದಳು. ಟೈಲರ್‌ನ ಹೆಸರು ಮೊದಲು ಬಂದದ್ದನ್ನು ಗ್ಯಾಸಣ್ಣ ಗಮನಿಸದೇ ಇರಲಿಲ್ಲ.

ಕೋಲೂರಿಕೊಂಡು ನಡೆಯುವಷ್ಟಾದ ಮೇಲೆ ಅತ್ತೆ ಒಂದು ದಿನ ಅಂಗಳ ನೋಡಲು ಬಂದಳು. ಮೂರನೇ ಗಾಡಿಯಲ್ಲಿ ಕೂತು, ಸೆರಗು ಹೊದ್ದುಕೊಂಡು, ದೊಡ್ಡ ಅಳಿಯನ ಗಾಡಿಯೇ ಹೆಚ್ಚು ತಂಪು ಎಂದಳು. ಏಳನೆಯದೇ ಒಂದು ಕೈ ಮೇಲೆಂದು ಅವನಿಗೆ ಗೊತ್ತಿತ್ತು. ತನ್ನ ಮನಸ್ಸಿಗೆ ಹಿತವಾಗಲೆಂದು ಅತ್ತೆ ಹಾಗೆ ಹೇಳಿದಳೆಂದೂ ಗೊತ್ತಿತ್ತು. ಆದರೂ ಆ ಸಂಜೆ ಆ ಮಾತನ್ನು ಹೆಂಡತಿಗೆ ಎರಡು ಸಲ ಹೇಳಿದ. ನಿನ್ನ ತಂಗಿಗೂ ಫೋನ್ ಮಾಡಿ ತಿಳಿಸು ಎಂದ.