ಅಪ್ಪಯ್ಯನ ಮೂಗಿಗೆ ನಾಲ್ಕು ಹನಿ

ತೊಂಬತ್ತರ ದಶಕದ ಕೊನೆಗೆ ಅಪ್ಪಯ್ಯ ಕುಂದಾಪುರದ ಹತ್ತಿರ ಕೋಡಿಯ ಕಡಲತೀರದಲ್ಲಿ ಮೀನಿನ ಏಲಂ ಕೂಗುತ್ತಿದ್ದರು. ಅವರು "ಒಂದ್ ಸಲ, ಎರಡ್ ಸಲ, ಮೂರ್ ಸಲ" ಅಂದರೆ ಮುಗಿಯಿತು, ಮೀನು ಕೈ ಬದಲಾಯಿಸಿದ ಹಾಗೆ. ಆ ಗಂಟಲೇ ನಮ್ಮ ಮನೆಯ ಅನ್ನ. ಮೂಗು ಮಾತ್ರ ಮಹಾ ನಾಜೂಕು. ಚಳಿಗಾಲದ ಬೆಳಗಿನ ಗಾಳಿಗೆ ಒಣಗಿ, ಹಕ್ಕಳೆ ಕಟ್ಟಿ ಉರಿಯುತ್ತಿತ್ತು.

ಅದಕ್ಕೆ ಅಮ್ಮ ಹಿಡಿದದ್ದು ನಮ್ಮದೇ ಮರದ ಕಾಯಿಯ ಎಣ್ಣೆ. ಅವಳ ಪ್ರಕಾರ ತೆಂಗಿನೆಣ್ಣೆಗೆ ಬಗ್ಗದ ಕಾಯಿಲೆ ಕಾಯಿಲೆಯೇ ಅಲ್ಲ, ಸೋಮಾರಿತನ. ನಾನು ಹೈಸ್ಕೂಲಿನಿಂದ ಬಂದ ಕೂಡಲೇ ಅಪ್ಪಯ್ಯ ಚಾಪೆಯಲ್ಲಿ ಅಂಗಾತ ಮಲಗುತ್ತಿದ್ದರು. ಪೆನ್ನಿಗೆ ಶಾಯಿ ತುಂಬುವ ನನ್ನ ಫಿಲ್ಲರಿನಿಂದ ಹೊಳ್ಳೆಗೆ ನಾಲ್ಕು ಹನಿ ಬಿಡುವ ಕೆಲಸ ನನ್ನದು. ಮೂರು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಓದಿನಲ್ಲಿ ಅಷ್ಟು ಶ್ರದ್ಧೆಯಿದ್ದಿದ್ದರೆ ನಾನೇ ಡಾಕ್ಟರಾಗುತ್ತಿದ್ದೆ.

ಆಮೇಲೆ ಕೆಮ್ಮು ಶುರುವಾಯಿತು. ಅದೂ ಹೊತ್ತು ನೋಡಿ, ಸರಿಯಾಗಿ "ಎರಡ್ ಸಲ" ಆದ ಮೇಲೆ. ಅಪ್ಪಯ್ಯ ಕೆಮ್ಮಿ ಮುಗಿಸುವಷ್ಟರಲ್ಲಿ ಯಾರಾದರೂ ಬೆಲೆ ಏರಿಸಿಬಿಡುತ್ತಿದ್ದರು. ದೋಣಿಯವರಿಗೆ ಖುಷಿಯೋ ಖುಷಿ. ಮೀನು ಕೊಳ್ಳುವ ಹೆಂಗಸರು ಮಾತ್ರ ಕೆಂಡವಾದರು.

"ಹ್ವಾಯ್, ನಿಮ್ಮ್ ಕೆಮ್ಮಿಗೂ ನಾವೇ ದುಡ್ಡ್ ಕೊಡ್ಕಾ?"

ಕೊನೆಗೆ ಅಪ್ಪಯ್ಯನನ್ನು ಬದಿಗೆ ಕೂರಿಸಿ ಬೇರೊಬ್ಬರು ಕೂಗತೊಡಗಿದರು. ಅಪ್ಪಯ್ಯ ಮಂಕಾದರು. ಅಮ್ಮ ನಾಲ್ಕು ಹನಿಯನ್ನು ಎಂಟು ಮಾಡಿದಳು.

ಕುಂದಾಪುರದ ಡಾಕ್ಟರು ಕ್ಷಯವಿರಬಹುದೆಂದು ಕಫ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಬಿಳಿ ಕಲೆ.

"ಮನೆಯಲ್ಲಿ ಏನು ಮದ್ದು ಮಾಡುತ್ತೀರಿ?"

"ಮದ್ದ್ ಎಂತದೂ ಇಲ್ಲ ಡಾಕ್ಟ್ರೆ," ಎಂದ ಅಮ್ಮ ಚೀಲದಿಂದ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. "ನಮ್ಮನಿ ಎಣ್ಣಿ. ನಿಮ್ಗೂ ತಂದಿದ್ದೆ. ಇವ್ರ್ ಮೂಗಿಗೆ ದಿನಾ ಬಿಡುದ್ ಇದನ್ನೇ."

ಡಾಕ್ಟರು ಬಾಟ್ಲಿಯನ್ನೂ ಎಕ್ಸ್‌ರೇಯನ್ನೂ ಮತ್ತೆ ಮತ್ತೆ ನೋಡಿದರು. ಮಲಗಿ ಬಿಟ್ಟ ಎಣ್ಣೆ ಗೊತ್ತೇ ಆಗದಂತೆ ಶ್ವಾಸಕೋಶಕ್ಕೆ ಜಾರುತ್ತದೆ, ಅಲ್ಲಿ ಕರಗದೆ ಕೂತು ಬಾವು ತರಿಸುತ್ತದೆ, ಮೂಗಿನೊಳಗೆ ಹಚ್ಚುವ ಜಿಡ್ಡಿನ ಮುಲಾಮಿನ ಕತೆಯೂ ಅಷ್ಟೇ ಎಂದರು. ಫಿಲ್ಲರ್ ಹಿಡಿದ ಕೈ ನನ್ನದಲ್ಲವೇ? ಅಪ್ಪಯ್ಯನನ್ನು ನಾನೇ ಹಾಳು ಮಾಡಿದೆನೆಂದು ಅಳು ಬಂತು. ಎಣ್ಣೆ ನಿಲ್ಲಿಸಿದರೆ ನಿಧಾನಕ್ಕೆ ಕಡಿಮೆಯಾದೀತು ಎಂದ ಡಾಕ್ಟರು, ಮೂಗಿಗೆ ಬೇರೆ ಹನಿ ಬರೆದುಕೊಟ್ಟರು.

ಅದನ್ನು ಅಂಗಡಿಯಲ್ಲಿ ಕೊಂಡು ಬರುವಾಗ ರಿಕ್ಷಾದಲ್ಲಿ ನಾನು ಬಾಟ್ಲಿಯ ಮೇಲಿನ ಚೀಟಿ ಓದಿದೆ. ಬರೀ ಉಪ್ಪುನೀರು!

"ಮನಿ ಎದ್ರ್ ಕಡ್ಲ್ ಇಟ್ಕಂಡ್, ಉಪ್ಪ್ ನೀರ್ ಅಂಗ್ಡಿಂದ ತರುದಾ?" ಎಂದು ಅಪ್ಪಯ್ಯ ನಕ್ಕು, ನಕ್ಕಿದ್ದಕ್ಕೆ ಮನೆವರೆಗೂ ಕೆಮ್ಮಿದರು.

ಮಳೆಗಾಲ ಕಳೆದು ದೋಣಿಗಳು ಮತ್ತೆ ಇಳಿದಾಗ ಅಪ್ಪಯ್ಯ ತಮ್ಮ ಜಾಗದಲ್ಲಿ ನಿಂತರು. ಅಷ್ಟರಲ್ಲಿ ಎಣ್ಣೆಯ ಕತೆ ಇಡೀ ಕೋಡಿಗೆ ಗೊತ್ತಾಗಿತ್ತು. "ಒಂದ್ ಸಲ. ಎರಡ್ ಸಲ." ಹೆಂಗಸರೆಲ್ಲ ಅವರ ಗಂಟಲನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

"ಮೂರ್ ಸಲ!"

ಕೆಮ್ಮೂ ಬರಲಿಲ್ಲ, ಬೆಲೆಯೂ ಏರಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಮರುದಿನ ದೋಣಿಯ ಯಜಮಾನರು ನಮ್ಮ ಮನೆಗೆ ಒಂದು ಬಾಟ್ಲಿ ತೆಂಗಿನೆಣ್ಣೆ ಕಳಿಸಿಕೊಟ್ಟರು.